ಹೆಸರಿನ ಮುಂದಿನ ಅರ್ಧ

ಓದುವವರು ಮೊದಲು ನನ್ನನ್ನು ಕ್ಷಮಿಸಬೇಕು. ನನ್ನ ಅಕ್ಷರ ಸೊಟ್ಟ. ಗೆರೆ ಎಳೆದುಕೊಂಡು ಬರೆದರೂ ಸಾಲುಗಳು ಕೆಳಕ್ಕೆ ಜಾರಿವೆ. ನಾಲ್ಕನೆಯ ಇಯತ್ತೆ ಮುಗಿಯುವ ಮೊದಲೇ ಶಾಲೆ ಬಿಟ್ಟವಳಿಗೆ ದೊಡ್ಡ ಮಾತುಗಳು ಬರುವುದಿಲ್ಲ, ಅರ್ಥ ಗೊತ್ತಿಲ್ಲದ ಮಾತನ್ನು ನಾನು ಬಳಸಿಯೂ ಇಲ್ಲ. ಇದು ಬಾಗಲಕೋಟೆಯ ನಮ್ಮ ಓಣಿಯಲ್ಲಿ ಛಾಪಖಾನೆ ಇಟ್ಟಿದ್ದ ಜಾಫರಸಾಬರ ಕಥೆ. ಅವರ ಹೆಂಡತಿ ಶಹರಬಾನು ಚಾಚಿ ಹೇಳಿದ್ದನ್ನೂ, ಅವರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಶಪ್ಪ ಹೇಳಿದ್ದನ್ನೂ ಕೂಡಿಸಿ ಬರೆದಿದ್ದೇನೆ. ಇಬ್ಬರ ಮಾತೂ ಹೊಂದದಿದ್ದ ಕಡೆ ಚಾಚಿಯ ಮಾತನ್ನೇ ಇಟ್ಟುಕೊಂಡಿದ್ದೇನೆ.

ಜಾಫರಸಾಬರು ಹುಟ್ಟಿದ್ದು ಕಲಾದಗಿಯಲ್ಲಿ. ಅವರ ತಂದೆ ಹುಸೇನಸಾಬರು ಕಲ್ಲಿನ ಮೇಲೆ ಅಕ್ಷರ ಕೊರೆಯುವವರು. ಕಲಾದಗಿಯಲ್ಲಿ ಬಿಳಿಯರ ದಂಡು ಇದ್ದ ಕಾಲಕ್ಕೆ ಜ್ವರ ಬಂದು ಸತ್ತ ಸೋಲ್ಜರರ ಗೋರಿಗಳ ಮೇಲೆ ಹೆಸರು ಕೊರೆದವರು ಅವರೇ. ಇಂಗ್ಲಿಷ್ ಅಕ್ಷರ ಓದಲು ಬರುತ್ತಿರಲಿಲ್ಲ. ಕಾಗದದ ಮೇಲೆ ಇದ್ದ ಗೆರೆಯನ್ನು ಇದ್ದ ಹಾಗೆ ಕಲ್ಲಿಗೆ ಇಳಿಸುತ್ತಿದ್ದರು. ದಂಡು ಎದ್ದು ಹೋಯಿತು, ಆಮೇಲೆ ಜಿಲ್ಲೆಯ ಕಚೇರಿಯೂ ವಿಜಾಪುರಕ್ಕೆ ಹೋಯಿತು. ಹುಡುಗ ಜಾಫರ ಆ ಗೋರಿಗಳ ನಡುವೆ ಆಡು ಮೇಯಿಸುತ್ತ, ತಂದೆ ಕೊರೆದ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಬೆಳೆದ.

ಒಂದು ದಿನ ಅವನು ತಂದೆಯನ್ನು ಕೇಳಿದ. "ಅಬ್ಬಾ, ನಮ್ಮ ಸಿಪಾಯರೂ ಸತ್ತಾರಲ್ಲ, ಅವರ ಕಲ್ಲು ಎಲ್ಲಿ ಅದಾವ?"

"ಅವರಿಗೆ ಕಲ್ಲಿಲ್ಲ."

"ಮತ್ತ ಹೆಸರು?"

"ಯಾರೂ ಬರಕೊಟ್ಟಿಲ್ಲ. ಬರಕೊಡಲಾರದ್ದು ನಾ ಹೆಂಗ ಕೊರೀಲಿ?" ಎಂದು ಹುಸೇನಸಾಬರು ಉಳಿ ಮಸೆಯತೊಡಗಿದರು.

ಬೆಳೆದ ಮೇಲೆ ಜಾಫರಸಾಬರು ಧಾರವಾಡಕ್ಕೆ ಹೋಗಿ ಒಂದು ಛಾಪಖಾನೆಯಲ್ಲಿ ಮೊಳೆ ಜೋಡಿಸುವುದನ್ನು ಕಲಿತರು. ಕೈಯಿಂದ ಎಳೆಯುವ ಹಳೆಯ ಯಂತ್ರವೊಂದನ್ನು ರೈಲಿನಲ್ಲಿ ಹೇರಿಕೊಂಡು ಬಾಗಲಕೋಟೆಗೆ ಬಂದು, ಕಿಲ್ಲಾ ಓಣಿಯಲ್ಲಿ ಮನೆಯ ಮುಂಭಾಗದಲ್ಲೇ ಅದನ್ನು ಹೂಡಿದರು. ಇಳಕಲ್ಲಿನ ನೇಕಾರರ ಮನೆಯಿಂದ ಶಹರಬಾನುವನ್ನು ತಂದುಕೊಂಡರು. ಲಗ್ನಪತ್ರಿಕೆ, ನಾಟಕದ ಜಾಹೀರಾತು, ಅರಳೆ ಅಂಗಡಿಯ ಚೀಟಿಗಳಿಂದ ಮನೆ ನಡೆಯುತ್ತಿತ್ತು. ಆದರೆ ಅವರ ಜೀವವಿದ್ದದ್ದು ಯುದ್ಧದ ಪುಸ್ತಕಗಳಲ್ಲಿ.

"ಹೊಡದಾಟದ ಪುಸ್ತಕ ಯಾರು ಓದತಾರ? ದೇವರ ಪದಾ ಅಚ್ಚ ಹಾಕ್ರಿ, ಹೆಣ್ಣಮಕ್ಕಳಾದ್ರೂ ತಗೋತಾರ" ಎಂದು ಶಹರಬಾನು ಅಂದಳು.

"ದೇವರ ಹೆಸರು ಎಲ್ಲಾರಿಗೂ ಗೊತ್ತೈತಿ. ಸತ್ತವರದು ಯಾರಿಗೂ ಗೊತ್ತಿಲ್ಲ" ಎಂದರು ಜಾಫರಸಾಬರು.

ಅವರು ಬಾದಾಮಿಗೆ ಹೋಗಿ ಕೋಟೆ ಹತ್ತಿದರು. ಕೆಳಗೆ ಬಂದು, ಅಗಸ್ತ್ಯತೀರ್ಥದ ದಂಡೆಯ ಮನೆಗಳಲ್ಲಿ ಮುದುಕರ ಮುಂದೆ ಕೂತರು. ಯಾರ ಮುತ್ತಜ್ಜ ಕೋಟೆಯ ಗೋಡೆ ಕಾದ, ಯಾರ ಮುತ್ತಜ್ಜ ಬುರುಜಿನಿಂದ ಬಿದ್ದ ಎಂದು ಕೇಳಿ ಕೇಳಿ ಬರೆದುಕೊಂಡರು. ಹಾಗೆ ಬಂದ ಪುಸ್ತಕಗಳು ತೆಳ್ಳಗಿದ್ದವು, ಕಾಗದ ಒರಟಾಗಿತ್ತು. ರಾಜರ ಸಂಗತಿ ಮುಗಿದ ಮೇಲೆ ಕೊನೆಯ ಪುಟಗಳಲ್ಲಿ ಸಾಮಾನ್ಯರ ಹೆಸರುಗಳಿರುತ್ತಿದ್ದವು. ಇಳಕಲ್ಲಿನಲ್ಲಿ ಒಬ್ಬ ಓದುತ್ತಿದ್ದ, ಉಳಿದವರು ನೇಯುತ್ತ ಕೇಳುತ್ತಿದ್ದರು. ಹೆಸರಿನ ಪುಟ ಬಂದಾಗ ಮಗ್ಗಗಳ ಸಪ್ಪಳ ತಾನಾಗಿ ನಿಲ್ಲುತ್ತಿತ್ತು. ಊರವರ ನಡುವೆ ಏನಾದರೂ ವಾದ ಬಿದ್ದರೆ, "ಜಾಫರಸಾಬ್ರ ಪುಸ್ತಕದಾಗ ಬಂದೈತೇನು?" ಎಂದು ಕೇಳುವುದು ರೂಢಿಯಾಯಿತು. ಆ ಮಾತು ಕೇಳಿದ ದಿನ ಅವರು ಒಂದು ರೊಟ್ಟಿ ಹೆಚ್ಚು ಉಣ್ಣುತ್ತಿದ್ದರೆಂದು ಚಾಚಿ ಹೇಳುತ್ತಾಳೆ.

ಅಷ್ಟರಲ್ಲಿ ಜರ್ಮನಿಯ ಯುದ್ಧ ಬಂತು. ಬಾದಾಮಿ, ಹುನಗುಂದ ತಾಲೂಕುಗಳ ಹರೆಯದವರು ಬೆಳಗಾವಿಗೆ ಹೋಗಿ ಪಲ್ಟಣ ಸೇರಿ, ಹಡಗು ಹತ್ತಿ ಬಸರಾಕ್ಕೆ ಹೋದರು. ಅಲ್ಲಿಂದ ಮುಂದೆ ಕೂತ್ ಎಂಬ ಊರಿನಲ್ಲಿ ತುರ್ಕರು ಅವರನ್ನು ಸುತ್ತುಗಟ್ಟಿದರು ಎಂದು ಸುದ್ದಿ ಬಂತು.

"ಕೂತ ಅನ್ನೂ ಊರಾಗ ಕೂತಾರಂತ" ಎಂದು ಕಾಶಪ್ಪ ಮೊಳೆ ಆರಿಸುತ್ತ ನಕ್ಕ. "ಏಳೂದು ಯಾವಾಗ್ರಿ ಸಾಹೇಬ್ರ?"

"ನಿನ್ನ ಕಳಸೋಣು. ನೀ ಹೋಗಿ ಎಬ್ಬಿಸಿಕೊಂಡು ಬಾ" ಎಂದರು ಜಾಫರಸಾಬರು.

ಆದರೆ ಹೋದವರು ಏಳಲೇ ಇಲ್ಲ. ಕೂತ್ ತುರ್ಕರ ಕೈಸೇರಿತು, ನಮ್ಮವರು ಕೈದಿಗಳಾದರು. ಯುದ್ಧ ಮುಗಿದ ಮೇಲೆ ಕೆಲವರಷ್ಟೇ ಮರಳಿದರು. ಉಳಿದವರ ಬಗ್ಗೆ ಕೇಳಿದರೆ ಕಚೇರಿಯಲ್ಲಿ "ಸುದ್ದಿಯಿಲ್ಲ" ಎನ್ನುತ್ತಿದ್ದರು. ಸತ್ತ ಎಂದು ಹೇಳಿದ್ದರೆ ಮನೆಯವರು ಅತ್ತು ದಿನ ಮಾಡುತ್ತಿದ್ದರು. ಸುದ್ದಿಯಿಲ್ಲ ಎಂದರೆ ಏನು ಮಾಡಬೇಕು? ಜಾಫರಸಾಬರಿಗೆ ತಾವು ಅಚ್ಚು ಹಾಕಬೇಕಾದ ಪುಸ್ತಕ ಇದೇ ಎಂದು ಅನಿಸಿತು.

ಬಾದಾಮಿಯ ಹತ್ತಿರದ ಬೀರಲಿಂಗಪ್ಪ ಮರಳಿ ಬಂದವರಲ್ಲಿ ಒಬ್ಬ. ಎದೆಯೊಳಗೆ ರೋಗ ಹೊತ್ತುಕೊಂಡೇ ಬಂದಿದ್ದ. ಜಾಫರಸಾಬರು ಅವನನ್ನು ಛಾಪಖಾನೆಗೆ ಕರೆತಂದು, ಗೋಡೆಗೆ ಒರಗಿಸಿ ಕೂರಿಸಿ, ಅವನು ಕೆಮ್ಮಿ ಸುಧಾರಿಸಿಕೊಂಡಷ್ಟೂ ಹೊತ್ತು ಕಾದು ಕೇಳಿಕೊಂಡರು.

"ಕಾಳು ತೀರಿತು, ಕುದುರಿ ಕಡದು ತಿನ್ರಿ ಅಂದ್ರು ದೊರಿಗಳು" ಎಂದ ಬೀರಲಿಂಗಪ್ಪ. "ನಾವು ಒಲ್ಲೆ ಅಂದ್ವಿ. ಆಮ್ಯಾಲೆ ಒಲ್ಲೆ ಅನ್ನಾಕೂ ತ್ರಾಣ ಉಳೀಲಿಲ್ಲ. ಹಿಡದ ಮ್ಯಾಲೆ ಬಯಲಾಗ ನಡಸಿದ್ರು. ಬಿದ್ದಾವ ಅಲ್ಲೇ ಉಳದ. ನನ್ನ ಹೆಗಲ ಮ್ಯಾಲೆ ಕೈ ಹಾಕ್ಕೊಂಡು ರಾಮಥಾಳ ನಡೀತಿದ್ದ. ನೀರು ಕೇಳಿದ. ನನ್ನ ಕಡೆ ಇರಲಿಲ್ಲ. ಸ್ವಲ್ಪ ಹೊತ್ತಿನ್ಯಾಗ ಕೈ ಜಾರಿತು. ಕಾವಲವ್ರು ಬೈಲಿಕ್ಕತ್ತಿದ್ರು, ನಾ ಎರಡೂ ಕೈಲೆ ಉಸುಕು ಎಳದು ಮಾರಿ ಅಷ್ಟು ಮುಚ್ಚಿ ಬಂದೆ."

"ರಾಮಥಾಳ ಅಂದ್ರ ಊರು. ಅವನ ಹೆಸರೇನು?"

"ನಾವು ಹಂಗಽ ಕರೀತಿದ್ವಿ. ನನಗ ಬಾದಾಮಿ ಅಂತಿದ್ರು. ಹಾಜರಿ ಕೂಗುವಾಗ ದೊರಿ ಬಾಯಾಗ ನಮ್ಮ ಹೆಸರು ನಮಗಽ ತಿಳೀತಿರಲಿಲ್ಲ." ಬೀರಲಿಂಗಪ್ಪ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. "ಇಲ್ಲರಿ. ಹೆಸರು ಕೇಳೇ ಇಲ್ಲ ನಾ."

ಹೆಸರಿಲ್ಲದೆ ಅಚ್ಚು ಹಾಕುವುದು ಜಾಫರಸಾಬರಿಂದ ಆಗದ ಕೆಲಸ. ಹುನಗುಂದಕ್ಕೆ ಹೊರಟ ಚಕ್ಕಡಿ ಹತ್ತಿ, ಅಲ್ಲಿಂದ ನಡೆದು ಅವರು ರಾಮಥಾಳಕ್ಕೆ ಹೋದರು. ಜೋಳದ ಕೊಯ್ಲಿನ ಕಾಲ, ಊರಲ್ಲಿ ಗಂಡಸರಿರಲಿಲ್ಲ. ಒಬ್ಬ ಮುದುಕಿ, "ದಂಡಿಗೆ ಹೋದಾವ ನಮ್ಮೂರಾಗ ಒಬ್ಬನಽ ನೋಡ್ರಿ, ಲಕ್ಷ್ಮಪ್ಪನ ಮಗ" ಎಂದು ಮನೆ ತೋರಿಸಿ ಹೊಲದ ಕಡೆ ಹೋದಳು.

ಮನೆಯಲ್ಲಿ ಸೊಸೆ ಪದ್ಮವ್ವ ಒಬ್ಬಳೇ ಇದ್ದಳು. ಹಣೆಯ ತುಂಬ ಕುಂಕುಮ, ಕೈತುಂಬ ಹಸಿರು ಬಳೆ. ಮಾವ ಹುನಗುಂದದ ಸಂತೆಗೆ ಹೋಗಿದ್ದಾನೆ ಎಂದು ಬಾಗಿಲ ಮರೆಯಿಂದ ಹೇಳಿದಳು. ಜಾಫರಸಾಬರು ಕಟ್ಟೆಯ ಮೇಲೆ ಕೂತರು. ಆಕೆಯ ಗಂಡ ಉಸುಕಿನಲ್ಲಿ ಬಿದ್ದ ಸಂಗತಿ ಅವರ ಗಂಟಲಲ್ಲೇ ಇತ್ತು. ಗಂಡಸರಿಲ್ಲದ ಮನೆಯಲ್ಲಿ, ಗುರುತಿಲ್ಲದ ಹೆಣ್ಣುಮಗಳಿಗೆ ಅದನ್ನು ಹೇಗೆ ಹೇಳುವುದು? ಹಿರಿಯರು ಪುಸ್ತಕ ಓದಿಸಿ ಕೇಳಿ, ತಾವೇ ತಿಳಿಸಿ ಹೇಳಲಿ ಎಂದು ಮನಸ್ಸಿಗೆ ಸಮಾಧಾನ ಮಾಡಿಕೊಂಡರು.

"ದಂಡಿಗೆ ಹೋದವರ ಪುಸ್ತಕ ಮಾಡ್ಲಿಕ್ಕತ್ತೇನವ್ವಾ. ನಿಮ್ಮನಿಯವರ ಹೆಸರು ಬೇಕಾಗಿತ್ತು."

ಒಳಗಿನಿಂದ ನಗು ಕೇಳಿತು. "ನಾ ಹೆಂಗ ಹೇಳ್ಲಿರಿ?"

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ. ಜಾಫರಸಾಬರ ಮನೆಯಲ್ಲೂ ಅದೇ. ಲಗ್ನವಾದಾಗಿನಿಂದ ಶಹರಬಾನುವಿಗೆ ಅವರು 'ಇವರು'. ಹಾಗಾಗಿ ಅವರಿಗೆ ಇದು ಹೊಸದಲ್ಲ. ಹೆಣ್ಣುಮಕ್ಕಳು ಸುತ್ತಿ ಬಳಸಿ ಹೇಳಿದ ಹೆಸರನ್ನು ಬಿಡಿಸುವುದರಲ್ಲಿ ತಾನು ಜಾಣ ಎಂದು ಅವರಿಗೆ ಸಣ್ಣ ಹೆಮ್ಮೆಯೂ ಇತ್ತು.

"ಗುರುತರೆ ಹೇಳು. ನಾ ಬಿಡಿಸ್ತೇನಿ."

"ಬಾದಾಮಿ ತಾಯಿದರಿ."

"ಬನಶಂಕರಿ?"

"ಹೂನ್ರಿ. ಅರ್ಧಾ."

"ಅರ್ಧಾ ಅಂದ್ರ ಯಾವ ಅರ್ಧಾ?"

"ಮುಂದಿಂದರಿ" ಎಂದು ಪದ್ಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಆಕೆ ಹೇಳಿದ ಮುಂದಿನದು ಎಂದರೆ ಎದುರಿಗೆ ಇರುವುದು, ಮೊದಲಿನದು. ಬನ. ಆದರೆ ಮೊಳೆ ಜೋಡಿಸುವವನಿಗೆ ಮುಂದಿನ ಅಕ್ಷರವೆಂದರೆ ಆಮೇಲೆ ಬರುವ ಅಕ್ಷರ. ಮುಂದಿನ ಸಾಲು, ಮುಂದಿನ ಪುಟ ಎಂದು ದಿನವೆಲ್ಲ ಅನ್ನುತ್ತಿದ್ದ ಜಾಫರಸಾಬರಿಗೆ ಅದು ಶಂಕರಿ ಎಂದೇ ಕೇಳಿಸಿತು. ಅವರು ಶಂಕ್ರಪ್ಪ ಎಂದು ಬರೆದುಕೊಂಡರು. ಒಂದು ಸಲ ಬಾಯಿಬಿಟ್ಟು ಅಂದಿದ್ದರೆ ಅವಳು ಅಲ್ಲ ಎನ್ನುತ್ತಿದ್ದಳು. ಆದರೆ ಸತ್ತವನ ಹೆಸರನ್ನು ಅವನ ಹೆಂಡತಿಯ ನಗುಮುಖದ ಮುಂದೆ ಅನ್ನಲು ಅವರಿಗೆ ನಾಲಿಗೆ ಏಳಲಿಲ್ಲ. ಅವಳು ರೂಢಿಗೆ ಹೆದರಿ ಹೇಳಲಿಲ್ಲ, ಇವರು ಸಾವಿಗೆ ಹೆದರಿ ಹೇಳಲಿಲ್ಲ. ಅವಳು ಕೊಟ್ಟ ಮಜ್ಜಿಗೆ ಕುಡಿದು, ಲಕ್ಷ್ಮಪ್ಪ ಬರುವ ಮೊದಲೇ ಎದ್ದು ಬಂದರು.

ಪುಸ್ತಕ ಸಿದ್ಧವಾಗುವಷ್ಟರಲ್ಲಿ ಬೀರಲಿಂಗಪ್ಪ ತೀರಿಕೊಂಡ. ಅವನ ಊರಿಗೆ ಹೋಗಿ ಮಣ್ಣು ಕೊಟ್ಟು ಬಂದು, ಜಾಫರಸಾಬರು ಕೊನೆಯ ಪುಟವನ್ನು ತಾವೇ ಜೋಡಿಸಿದರು. 'ನಮ್ಮವರು ಬಸರಾಕ್ಕೆ ಹೋದ ವೃತ್ತಾಂತ' ಎಂದು ಹೆಸರಿಟ್ಟಿದ್ದರು. ಬಾದಾಮಿಗೆ, ಹುನಗುಂದಕ್ಕೆ, ಇಳಕಲ್ಲಿಗೆ ಪ್ರತಿಗಳು ಹೋದವು. ಹೋದ ಕಡೆಯೆಲ್ಲ ಹೆಂಗಸರ ಅಳು ಎದ್ದಿತು. ಎರಡು ಮೂರು ವರ್ಷ ಸುದ್ದಿಯಿಲ್ಲ ಎಂಬ ಮಾತನ್ನೇ ಕೇಳಿದವರು, ಪುಸ್ತಕದಲ್ಲಿ ಹೆಸರು ಕಂಡು ಅತ್ತು, ದಿನ ಮಾಡಿ ಹಗುರಾದರು. ಒಬ್ಬ ತಂದೆ ಛಾಪಖಾನೆಯ ತನಕ ನಡೆದು ಬಂದು, ಯಂತ್ರವನ್ನು ಮುಟ್ಟಿ ಕೈ ಮುಗಿದು ಹೋದ.

ರಾಮಥಾಳದಿಂದಲೂ ಜನ ಬಂದರು. ಲಕ್ಷ್ಮಪ್ಪ ಎತ್ತರದ ಮುದುಕ. ಹಿಂದೆ ಪದ್ಮವ್ವ, ತಲೆಯ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಎಳ್ಳಿನ ಹೋಳಿಗೆ. ಅವಳ ಬಳೆಗಳು ಹೊಸವು.

"ಏನ್ ಅಜ್ಜಾ, ಹಬ್ಬ ಮಾಡಿದಂಗೈತಿ" ಎಂದ ಕಾಶಪ್ಪ.

"ಹಬ್ಬಽ ಅನ್ನು" ಎಂದು ಲಕ್ಷ್ಮಪ್ಪ ಹೊಸ್ತಿಲಲ್ಲೇ ಕೂತ. "ಸಾಹೇಬ್ರ, ನಿಮ್ಮ ಪುಸ್ತಕ ಬಂತು ಅಂದಕೂಡಲೇ ಕೆಲಸ ಬಿಟ್ಟು ಓಡಿ ಬಂದೆ. ಚಾವಡ್ಯಾಗ ಓದಸಿದ್ರು. ರಾಮಥಾಳ ಅಂತ ಬಂತು, ನಾ ಎದಿ ಹಿಡಕೊಂಡೆ. ಶಂಕ್ರಪ್ಪ ಅಂದ್ರು. ನಮ್ಮೂರಾಗ ಶಂಕ್ರಪ್ಪ ಅನ್ನಾವ ಯಾವನೂ ದಂಡಿಗೆ ಹೋಗಿಲ್ಲ. ಅದು ಮತ್ಯಾವುದೋ ರಾಮಥಾಳ ಇರಬೇಕು, ಪಾಪ. ನಮ್ಮ ಬನಪ್ಪ ನಿಮ್ಮ ಪುಸ್ತಕದಾಗಿಲ್ಲ."

ಜಾಫರಸಾಬರ ಕೈಯಲ್ಲಿದ್ದ ಮೊಳೆಗಳು ನೆಲಕ್ಕೆ ಬಿದ್ದವು. ಕಾಶಪ್ಪ ಆರಿಸಲು ಬಗ್ಗಿದವನು ಅವರ ಮುಖ ನೋಡಿ ಹಾಗೆಯೇ ನಿಂತ. ಶಹರಬಾನು ಒಳಗಿನಿಂದ ನೀರು ತಂದಳು. ಪದ್ಮವ್ವ ಅವಳ ಕೈಗೆ ಬುಟ್ಟಿ ಕೊಡುತ್ತ, "ನಿಮ್ಮನಿಯವರು ಭಾಳ ಚಲೋ ಮಾಡಿದ್ರವ್ವಾ" ಎಂದಳು.

ಜಾಫರಸಾಬರು ಲಕ್ಷ್ಮಪ್ಪನ ಕೈ ಹಿಡಿದು ಹೊರಗಿನ ಬೇವಿನ ಕೆಳಗೆ ಕರೆದೊಯ್ದು ಎಲ್ಲವನ್ನೂ ಹೇಳಿದರು. ಬೀರಲಿಂಗಪ್ಪನ ಹೆಗಲು, ಜಾರಿದ ಕೈ, ಉಸುಕು, ತಾನು ಕೇಳಿದ ಹೆಸರು, ಬರೆದುಕೊಂಡ ಹೆಸರು. ಮುಗಿದ ಮೇಲೆ ಲಕ್ಷ್ಮಪ್ಪ ತಲೆಯ ಪಟಕ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ಆಕಿಗೆ ನೀವಽ ಹೇಳ್ರಿ" ಎಂದ. "ನನ್ನ ಬಾಯಿಲೆ ಆಗಂಗಿಲ್ಲ."

ಅವರು ಒಳಗೆ ಬಂದು ಹೇಳಿದರು. ಪದ್ಮವ್ವ ಅಳಲಿಲ್ಲ. ಅವಳ ಮುಖದ ನಗು ಮಾತ್ರ ಮೆಲ್ಲಗೆ ಇಳಿಯಿತು.

"ನಾ ಮುಂದಿಂದು ಅಂದಿದ್ದೆ."

"ಅಂದಿದ್ದೀ ತಾಯಿ."

"ನೀವು ಹಿಂದಿಂದು ಬರಕೊಂಡ್ರಿ."

"ಹೌದು. ತಪ್ಪು ನಂದು."

"ಹಂಗಾರ ಒಂದು ತಪ್ಪಿದಲ್ಲೆ ಇನ್ನೊಂದು ತಪ್ಪಿರಬಾರದೇನ್ರಿ? ಸತ್ತಾವ ರಾಮಥಾಳದಾವಽ ಅಂತ ಯಾರು ಕಂಡಾರ? ಆ ಬಾದಾಮಿಯವರನ್ನ ಕರಸ್ರಿ. ಅವರ ಬಾಯಿಲೆ ಕೇಳ್ತೇನಿ."

"ಅವ ತೀರಿಕೊಂಡ."

ಪದ್ಮವ್ವ ಯಂತ್ರದ ಕಡೆ ನೋಡಿದಳು. "ಪುಸ್ತಕದಾಗ ಇವರ ಹೆಸರಿಲ್ಲ" ಎಂದಳು. "ನಾನಂತೂ ಬಳಿ ಒಡಕೊಳ್ಳಂಗಿಲ್ಲ." ಎದ್ದು ಸೆರಗು ಸರಿಮಾಡಿಕೊಂಡು, ಖಾಲಿ ಬುಟ್ಟಿ ಎತ್ತಿಕೊಂಡು ಹೊರಗೆ ಹೋಗಿ ಮಾವನ ಹಿಂದೆ ನಿಂತಳು.

ಜಾಫರಸಾಬರು ಒಂದು ಸಣ್ಣ ಚೀಟಿ ಅಚ್ಚು ಹಾಕಿದರು. ಶಂಕ್ರಪ್ಪ ಎಂದು ಇರುವಲ್ಲಿ ಬನಪ್ಪ ಎಂದು ಓದಿಕೊಳ್ಳಬೇಕು, ತಪ್ಪು ಛಾಪಖಾನೆಯವರದು ಎಂದು ಅದರಲ್ಲಿತ್ತು. ಅದನ್ನೂ ಒಂದು ಗಡಿಗೆ ಅಂಬಲಿ ಅಂಟನ್ನೂ ಹಿಡಿದುಕೊಂಡು ಊರೂರು ತಿರುಗಿದರು. ಪುಸ್ತಕ ಯಾರ ಮನೆಯಲ್ಲಿದೆಯೋ ಅಲ್ಲಿಗೆ ಹೋಗಿ, ಆ ಪುಟ ತೆಗೆಸಿ, ಚೀಟಿ ಹಚ್ಚಿ ಬಂದರು. ಬಾದಾಮಿಯಲ್ಲಿ ಹಚ್ಚಿದರು, ಇಳಕಲ್ಲಿನ ನೇಕಾರರ ಓಣಿಯಲ್ಲಿ ಹಚ್ಚಿದರು, ಹುನಗುಂದದಲ್ಲಿ ವಕೀಲರ ಮನೆಯ ಪ್ರತಿಗೂ ಹಚ್ಚಿದರು. "ಒಬ್ಬನ ಹೆಸರಿಗೆ ಇಷ್ಟ್ಯಾಕ ತಿರಗತೀರಿ, ಬಿಡ್ರಿ" ಎಂದವರ ಮನೆಯಲ್ಲೂ ಕೂತು ಹಚ್ಚಿದರು.

ಕೊನೆಗೆ ರಾಮಥಾಳಕ್ಕೆ ಹೋದರು. ಚಾವಡಿಯ ಪುಸ್ತಕವನ್ನು ಪದ್ಮವ್ವ ತನ್ನ ಮನೆಗೆ ತಂದು, ಬಟ್ಟೆಯಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ಇಟ್ಟಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಅದನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತಳು.

"ಇದಕ್ಕ ಹಚ್ಚಬ್ಯಾಡ್ರಿ. ನೀವು ಹಚ್ಚಿದ್ರ ಅವರು ಆಗ ಸತ್ತಂಗ."

ಜಾಫರಸಾಬರು ಹಚ್ಚಲಿಲ್ಲ. ಅಂಟಿನ ಗಡಿಗೆಯನ್ನು ಊರ ಹೊರಗೆ ಚೆಲ್ಲಿ ಬಂದರು. ಅದರ ನಂತರ ಅವರು ಯುದ್ಧದ ಪುಸ್ತಕವನ್ನು ಅಚ್ಚು ಹಾಕಲಿಲ್ಲ. ಅರ್ಧ ಜೋಡಿಸಿದ್ದ ಇನ್ನೊಂದು ಪುಸ್ತಕದ ಮೊಳೆಗಳನ್ನು ಕಾಶಪ್ಪನಿಗೆ ಬಿಚ್ಚಿಡಲು ಹೇಳಿದರು. ಲಗ್ನಪತ್ರಿಕೆ ಮಾತ್ರ ಉಳಿಯಿತು. ಪತ್ರಿಕೆ ಮಾಡಿಸಲು ಬಂದವರಿಗೆ, "ಹೆಸರು ಜೋರಾಗಿ ಹೇಳ್ರಿ. ಇನ್ನೊಮ್ಮೆ ಹೇಳ್ರಿ" ಎನ್ನುತ್ತಿದ್ದರು. ತಾವೂ ಜೋರಾಗಿ ಅಂದು ತೋರಿಸುತ್ತಿದ್ದರು. ಕಿವಿ ಮಂದವಾಗಿದೆ ಎಂದು ಜನ ತಿಳಿದರು.

ವರ್ಷಕ್ಕೊಮ್ಮೆ, ಕೊಯ್ಲಿನ ಕಾಲಕ್ಕೆ, ಅವರು ರಾಮಥಾಳಕ್ಕೆ ಹೋಗುತ್ತಿದ್ದರು. ಹೋದಾಗಲೆಲ್ಲ ಬನಪ್ಪ ಇನ್ನಿಲ್ಲ ಎಂಬ ಅದೇ ಮಾತನ್ನು ಹೇಳಲು ಯತ್ನಿಸುತ್ತಿದ್ದರು. ಅವಳು ಮಜ್ಜಿಗೆ ಕೊಟ್ಟು, ಏನಾದರೂ ಸುದ್ದಿ ಬಂತೇ ಎಂದು ಕೇಳುತ್ತಿದ್ದಳು. ಅವರ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಲಕ್ಷ್ಮಪ್ಪ ಮಗನ ದಿನ ಮಾಡದೆಯೇ ಸತ್ತ. ಸೊಸೆ ಬೇಡವೆಂದಾಗ ಮುದುಕ ಹಟ ಮಾಡಿರಲಿಲ್ಲ.

ಒಂದು ಬೇಸಿಗೆಯಲ್ಲಿ ಜಾಫರಸಾಬರು ಯಂತ್ರದ ಪಕ್ಕದಲ್ಲಿ ಕೂತವರು ಏಳಲಿಲ್ಲ. ಆ ವರ್ಷ ಕೊಯ್ಲು ಮುಗಿದರೂ ಅವರು ಬರಲಿಲ್ಲವೆಂದು ಪದ್ಮವ್ವ ತಾನೇ ಬಾಗಲಕೋಟೆಗೆ ಬಂದಳು. ಶಹರಬಾನು ಬಾಗಿಲು ತೆರೆದಾಗ ಪದ್ಮವ್ವ ಮೊದಲು ನೋಡಿದ್ದು ಅವಳ ಬರಿಗೈಗಳನ್ನು. ಆ ಮಣಿಕಟ್ಟುಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳು ಅತ್ತಳು. ಗಂಡನ ಸುದ್ದಿ ಕೇಳಿದ ದಿನ ಅಳದವಳು ಅಂದು ಸಂಜೆಯವರೆಗೂ ಅತ್ತಳು.

"ವರ್ಷಾ ಬರತಿದ್ರು" ಎಂದಳು. "ಖರೆ ಸುದ್ದಿ ಇದ್ದಿದ್ದಕ್ಕಽ ಇಷ್ಟು ದೂರ ಬರತಾರ, ಹೇಳಾಕ ಧೈರ್ಯ ಸಾಲವಲ್ಲದು, ಇವತ್ತಲ್ಲ ನಾಳೆ ಹೇಳ್ತಾರ, ಅವರು ಅದಾರ ಅಂತ ಹೇಳ್ತಾರ ಅಂತ ಇದ್ದೆ. ಇನ್ನ ಯಾರು ಹೇಳ್ತಾರ?"

ತನ್ನ ಗಂಡ ವರ್ಷವರ್ಷವೂ ಹೊತ್ತುಕೊಂಡು ಹೋಗಿ, ಇಳಿಸಲಾರದೆ ಹೊತ್ತು ತಂದ ಮಾತು ಶಹರಬಾನುವಿಗೆ ಗೊತ್ತಿತ್ತು. ಅದನ್ನು ತಾನು ಹೇಳಬಹುದಿತ್ತು. ಅವಳೂ ಹೇಳಲಿಲ್ಲ. ಇಬ್ಬರೂ ಒಂದೇ ತಾಟಿನಲ್ಲಿ ಉಂಡರು. ಬೆಳಿಗ್ಗೆ ಪದ್ಮವ್ವ ರಾಮಥಾಳಕ್ಕೆ ಹೋದಳು. ಈಗಲೂ ಅಲ್ಲೇ ಇದ್ದಾಳೆ, ಕೈಯಲ್ಲಿ ಹಸಿರು ಬಳೆ ಇವೆ.

ಇಷ್ಟು ನನಗೆ ತಿಳಿದದ್ದು. ನಾಳೆ ಮಧ್ಯಾಹ್ನ ಇದನ್ನು ಶಹರಬಾನು ಚಾಚಿಗೆ ಮೊದಲಿನಿಂದ ಜೋರಾಗಿ ಓದಿ ಹೇಳುತ್ತೇನೆ. ಅವಳು ಅಲ್ಲ ಎಂದದ್ದನ್ನು ಹೊಡೆದುಹಾಕಿ, ಬೇರೆ ಹಾಳೆಯಲ್ಲಿ ಮತ್ತೊಮ್ಮೆ ಬರೆಯುತ್ತೇನೆ.